ಇದೇನು, ಕೂಡಗಿ ಚಿಮಣಿ ಏನೋ?

ಬೇಲಿಯಾಚೆಯ ಕಾಕಾನ ಮೊಮ್ಮಗ ವಿಜಯಪುರದಲ್ಲಿ ಕಾಲೇಜು ಓದುತ್ತಾನೆ. ಅವರ ಕಾಲೇಜಿನಲ್ಲಿ ರೇಡಿಯೋ ಶುರು ಮಾಡುವ ಮಾತು ನಡೆದಿದೆಯಂತೆ, ಅದಕ್ಕೊಂದು ಲೋಗೋ ಬೇಕಂತೆ, ಚಲೋ ಬರೆದವರಿಗೆ ಬಹುಮಾನ ಉಂಟಂತೆ. ರವಿವಾರ ಗೊಳಸಂಗಿಗೆ ಬಂದವನು ಮೊಬೈಲಿನಲ್ಲಿ ಬರೆದುಕೊಂಡಿದ್ದ ಚಿತ್ರವನ್ನು ಮುತ್ಯಾನ ಮುಂದೆ ಹಿಡಿದ. ಕಾಕಾ ಕನ್ನಡಕ ಏರಿಸಿ ನೋಡಿದರು.

“ಇದೇನೋ ತಮ್ಮಾ, ಕೂಡಗಿ ಚಿಮಣಿ ಬರದೀಯೇನು?”

“ಮುತ್ಯಾ, ಅದು ಟಾವರ್. ಸುತ್ತ ಇರೂದು ಹೊಗಿ ಅಲ್ಲ, ರೇಡಿಯೋ ತರಂಗ.”

ಕಾಕಾನದೂ ತಪ್ಪಲ್ಲ ಬಿಡಿ. ಈ ಸೀಮೆಯವರ ಕಣ್ಣಿಗೆ ಒಂದು ಎತ್ತರದ ಕಂಬ, ಅದರ ತುದಿಯಲ್ಲಿ ಸುರುಳಿ ಗೆರೆ ಕಂಡರೆ ಮತ್ತೇನು ನೆನಪಾದೀತು? ಮಗ್ಗುಲಲ್ಲೇ, ಕೂಡಗಿಯಲ್ಲಿ, ಎನ್‌ಟಿಪಿಸಿಯ ವಿದ್ಯುತ್ ಸ್ಥಾವರ ನಿಂತಿದೆ. 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2400 ಮೆಗಾವ್ಯಾಟ್. ಹುಡುಗನ ರೇಡಿಯೋದ್ದು ಎಷ್ಟು ಗೊತ್ತೇ? ಇಂಥ ಕೇಂದ್ರಗಳಿಗೆ ಸರ್ಕಾರ ಒಪ್ಪುವ ಟ್ರಾನ್ಸ್‌ಮಿಟರ್ ಸಾಮಾನ್ಯವಾಗಿ 50 ವ್ಯಾಟಿನದು. ನಮ್ಮ ಪಡಸಾಲೆಯ ಹಳೇ ಫ್ಯಾನು ಅದಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತದೆ.

“ಹಂಗಾರ ನಮ್ಮೂರಿಗೆ ಕೇಳತೈತೇನು?” ಅಂದರು ಕಾಕಾ.

“ಇಲ್ಲ ಮುತ್ಯಾ, ಹತ್ತು ಹದಿನೈದು ಕಿಲೋಮೀಟರ್ ಅಷ್ಟ.”

“ಮತ್ತ ನಮಗೇನ ಬಂತು?”

“ಲೋಗೋ ಬರತೈತಲ್ಲ, ವಾಟ್ಸಾಪಿಗೆ.”

ಕಾಕಾ ನಕ್ಕರು. ನನಗೆ ಮಾತ್ರ ಹುಡುಗ ಬಹಳ ದೊಡ್ಡ ಮಾತು ಆಡಿದ ಅನ್ನಿಸಿತು. ದನಿ ವಿಜಯಪುರದ ಅಂಚಿನಲ್ಲೇ ಸುಸ್ತಾಗಿ ಕೂರುತ್ತದೆ, ಚಿತ್ರ ಮಾತ್ರ ಗೊಳಸಂಗಿ ದಾಟಿ ದುಬೈವರೆಗೂ ಹೋಗುತ್ತದೆ. ಹಾಗಾದರೆ ಆ ಚಿತ್ರಕ್ಕೆ ಕೆಲಸ ಜಾಸ್ತಿ. ನಾನು ಒಂದು ಕಾಲಕ್ಕೆ ಟ್ರ್ಯಾಕ್ಟರ್ ಟ್ರೇಲರಿನ ಹಿಂಬದಿಗೆ, ಕಿರಾಣಿ ಅಂಗಡಿಯ ತಗಡಿಗೆ ಅಕ್ಷರ ಬರೆದವನು. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಒಣಗಿತು, ನಾಲಿಗೆ ಒಣಗಲಿಲ್ಲ. ಬೇಲಿಯ ಮೇಲೆ ಮೊಣಕೈ ಊರಿ ನಿಂತೆ.

“ತಮ್ಮಾ, ಮೊದಲ ಅದನ್ನ ಹೆಬ್ಬೆಟ್ಟಿನ ಉಗುರಿನಷ್ಟು ಸಣ್ಣ ಮಾಡು” ಅಂದೆ. ಮಾಡಿದ. ಟವರೂ ಹೋಯಿತು, ಮೈಕೂ ಹೋಯಿತು, ಹೆಡ್‌ಫೋನ್ ಹಾಕಿಕೊಂಡ ಹುಡುಗಿಯೂ ಹೋದಳು. ಕೇಸರಿಯಿಂದ ನೀಲಿಗೆ ತಿರುಗುವ ಬಣ್ಣದ ಒಂದು ಚುಕ್ಕಿ ಉಳಿಯಿತು. “ಈಗ ಬಣ್ಣ ತಗಿ, ಬರೀ ಕರಿ ಬಿಳಿ ಮಾಡು.” ಚುಕ್ಕಿ ಮಸಿಯಾಯಿತು. ಕಾಲೇಜಿನ ಕಚೇರಿಯಲ್ಲಿ ನಾಳೆ ಇದರ ರಬ್ಬರ್ ಸ್ಟ್ಯಾಂಪ್ ಮಾಡಿಸುತ್ತಾರೆ, ಪತ್ರದ ತಲೆಗೆ ಹಾಕಿ ಝೆರಾಕ್ಸ್ ತೆಗೆಯುತ್ತಾರೆ. ಸ್ಟ್ಯಾಂಪಿನಲ್ಲಿ ಉಳಿಯದ್ದು ಲೋಗೋ ಅಲ್ಲ, ಕ್ಯಾಲೆಂಡರಿನ ಚಿತ್ರ.

ಹಾಗಂತ ದೊಡ್ಡವರು ಬರೆದರಷ್ಟೇ ಸರಿ ಅಂತಲ್ಲ. ದೂರದರ್ಶನದ ಕಣ್ಣು ನೆನಪಿದೆಯಲ್ಲ? ಅದರ ಮೂಲ ಗೆರೆ ಎಳೆದದ್ದು ಅಹಮದಾಬಾದಿನ ಎನ್‌ಐಡಿ ಎಂಬ ವಿನ್ಯಾಸ ಸಂಸ್ಥೆಯಲ್ಲಿ ಇನ್ನೂ ಓದುತ್ತಿದ್ದ ದೇವಾಶಿಸ್ ಭಟ್ಟಾಚಾರ್ಯ. ನಡುವೆ ಒಂದು ಗುಂಡು, ಸುತ್ತ ಎರಡು ಬಾಗು. ಟಿವಿ ರಿಪೇರಿ ಅಂಗಡಿಯವನು ಬರೆಯಲು ಹೇಳಿದರೆ ಗುಂಡಿಗೆ ಪೇಂಟ್ ಡಬ್ಬಿಯ ಮುಚ್ಚಳ ಸಾಕಾಗುತ್ತಿತ್ತು, ಬಾಗು ಕೈಯಲ್ಲೇ ಬರುತ್ತಿತ್ತು.

ಅಷ್ಟರಲ್ಲಿ ಕಾಕಾ ತಮ್ಮ ಸಲಹೆ ಮುಂದಿಟ್ಟರು. “ಗೋಳಗುಮ್ಮಟ ಹಾಕು. ಬಿಜಾಪುರ ಅಂದ ಮ್ಯಾಲ ಗುಮ್ಮಟ ಬ್ಯಾಡೇನು?”

ಬೇಕರಿಗೆ ಗುಮ್ಮಟ, ಟ್ರಾವೆಲ್ಸಿಗೆ ಗುಮ್ಮಟ, ಟ್ಯುಟೋರಿಯಲ್ಲಿಗೆ ಗುಮ್ಮಟ. ನಾನೇ ಎಷ್ಟು ಗುಮ್ಮಟ ಬರೆದು ಕೈ ತೊಳೆದುಕೊಂಡಿದ್ದೇನೋ. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಈ ಒಂದು ಕಡೆ ಅದಕ್ಕೆ ಹಕ್ಕಿದೆ. 1656ರ ಹೊತ್ತಿಗೆ ಮುಗಿದ ಮೊಹಮ್ಮದ್ ಆದಿಲ್ ಶಾಹನ ಆ ಗೋರಿಯ ಒಳಸುತ್ತಿನಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವನಿಗೆ ಕೇಳುತ್ತದೆ. ಕರೆಂಟಿಲ್ಲ, ಪರವಾನಗಿಯಿಲ್ಲ.

“ಆದ್ರ ಮುತ್ಯಾ, ಅಲ್ಲಿ ಒಮ್ಮೆ ಅಂದದ್ದು ಏಳು ಸಲ ಕೇಳತೈತಿ” ಅಂದ ಹುಡುಗ.

“ನಿಮ್ಮ ಪ್ರಿನ್ಸಿಪಾಲರ ಭಾಷಣಕ್ಕ ಸರಿಹೊಂದತೈತಿ ಹಂಗಾರ!”

ಕಿವಿ ಬರೆದರೆ ಹೇಗೆ ಅಂತ ನಾನು ಕೇಳಿದೆ. ಎಲ್ಲರೂ ಮೈಕು ಬರೆಯುತ್ತಾರೆ, ಅಂದರೆ ಮಾತಾಡುವವನ ಸಾಮಾನು. ಕೇಳುವವನದು ಯಾರೂ ಬರೆಯುವುದಿಲ್ಲ. ಕಾಕಾ ಅದನ್ನೂ ಹೊಡೆದು ಹಾಕಿದರು. “ಕಿವಿ ಬರದ್ರ ಕಿವಿ ಡಾಕ್ಟರ್ ದವಾಖಾನಿ ಅಂತ ಮಂದಿ ಒಳಗ ಬರತಾರ.” ಇರಲಿ ಬಿಡಿ.

ಹುಡುಗ ಕೊನೆಗೆ ನಂಬರಿಗೆ ಬಂದ. 90.4 ಅಂತ ದಪ್ಪಗೆ ಬರೆದುಬಿಟ್ಟರೆ ಆಯಿತಲ್ಲ? ಆಗಲಾರದು. ಬೆಳಗಾವಿಯ ವೇಣುಧ್ವನಿಯೂ 90.4, ಹುಬ್ಬಳ್ಳಿಯ ಕೆಎಲ್‌ಇ ಧ್ವನಿಯೂ 90.4. ಕಲಬುರಗಿಯ ಅಂತರ್ವಾಣಿ 90.8, ಮಂಗಳೂರಿನ ಸಾರಂಗ್ 107.8. ಇಂಥ ಸಣ್ಣ ಕೇಂದ್ರಗಳಿಗೆ ಬೆರಳೆಣಿಕೆಯ ನಂಬರುಗಳನ್ನೇ ತಿರುಗಿಸಿ ಮುರುಗಿಸಿ ಕೊಡುತ್ತಾರೆ. ಒಬ್ಬರ ದನಿ ಇನ್ನೊಬ್ಬರ ಊರು ಮುಟ್ಟುವುದಿಲ್ಲವಲ್ಲ, ಜಗಳ ಹುಟ್ಟುವುದಿಲ್ಲ. ಆದರೆ ಚಿತ್ರ ಊರು ದಾಟುತ್ತದೆ ಅಂತ ಆಗಲೇ ಹೇಳಿದೆನಲ್ಲ, ಅಲ್ಲಿ ಜಗಳ ಹುಟ್ಟುತ್ತದೆ.

ಹಾಗಾದರೆ ಉಳಿದದ್ದು ಹೆಸರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಕಾಲೇಜು ಮಾಸ್ತರರ ರೇಡಿಯೋ ಅದು. ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂತು, ಆ ಹೆಸರನ್ನು ಮುಂದೆ ಇಡೀ ದೇಶವೇ ಎತ್ತಿಕೊಂಡಿತು. ನಮ್ಮ ಕಾಕಾ ಹುಟ್ಟಿದಾಗಿನಿಂದ ಧಾರವಾಡ ಆಕಾಶವಾಣಿ ಕೇಳಿದವರು, 1950ರ ಜನವರಿಯಲ್ಲಿ ಶುರುವಾದ ಕೇಂದ್ರ. ಅದರ ಮುದ್ರೆ ಹೇಗಿದೆ ಅಂತ ಕೇಳಿದರೆ ತಲೆ ಕೆರೆದುಕೊಂಡರು.

ಹೆಸರು ಬರೆಯುವುದೂ ಸಸಾರವಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರಕ್ಕೆ ನಿಲ್ಲುತ್ತವೆ, ಗುಂಡಿನೊಳಗೆ ಕೂರಿಸುವುದು ಸಲೀಸು. ಕನ್ನಡದ್ದು ಹಾಗಲ್ಲ. ‘ಧ್ವನಿ’ ಬರೆಯಿರಿ. ಧಕಾರದ ಹೊಟ್ಟೆ ಸೀಳಬೇಕು, ಕೆಳಗೆ ವತ್ತು ಇಳಿಯುತ್ತದೆ, ಪಕ್ಕದಲ್ಲಿ ನಿಯ ಗುಡಿಸು ಮೇಲೇರುತ್ತದೆ. ತಗಡಿನ ಮೇಲೆ ನಾನು ವತ್ತಿಗೆಂದೇ ಕೆಳಗೆ ನಾಲ್ಕು ಬೆರಳು ಜಾಗ ಬಿಡುತ್ತಿದ್ದೆ. ಬಿಡದವರ ಬೋರ್ಡಿನಲ್ಲಿ ವತ್ತು ಚೌಕಟ್ಟಿಗೆ ತಾಗಿ ಬಾಲ ಮುರಿದುಕೊಂಡು ಕೂತಿರುತ್ತದೆ. ಉಗುರಿನ ಅಳತೆಗೆ ಇಳಿದರೆ ಸೀಳು ಮುಚ್ಚಿ ‘ಧ’ ‘ದ’ ಆಗುತ್ತದೆ, ವತ್ತು ಕಸದಂತೆ ಕಾಣುತ್ತದೆ. ಆದರೆ ಅದೇ ವತ್ತನ್ನು ತುಸು ಉದ್ದ ಎಳೆದು ಅಲೆಯ ಗೆರೆಯಾಗಿಸಿದರೆ? ಟವರೂ ಬೇಡ, ಮೈಕೂ ಬೇಡ, ಅಕ್ಷರವೇ ರೇಡಿಯೋ. ಕೋಲು ತೆಗೆದುಕೊಂಡು ಹಿತ್ತಲ ಮಣ್ಣಿನಲ್ಲಿ ಬರೆದು ತೋರಿಸಿದೆ. ಕಾಕಾ ಕೂಡ ಬೇಲಿಗೆ ಬಗ್ಗಿ ನೋಡಿ “ಇದು ಖರೇನ ಚಲೋ ಐತಿ” ಅಂದರು. ಸುಲಭಕ್ಕೆ ಒಪ್ಪುವ ಜೀವವಲ್ಲ ಅದು. ಹುಡುಗ ಫೋಟೋ ಹೊಡೆದುಕೊಂಡ.

“ಸಂಸ್ಥೆಯ ದೀಪ, ಪುಸ್ತಕ, ಕಮಲ ಎಲ್ಲಾ ಹಾಕ್ರಿ ಅಂತ ಮ್ಯಾಲಿನವರು ಅಂದ್ರ?” ಅಂದ.

“ಅವನ್ನ ಬಿಲ್ಡಿಂಗಿನ ಮ್ಯಾಲ ಹಾಕ್ಯಾರಲ್ಲ, ಅಲ್ಲೇ ಇರಲಿ ಅನ್ನು. ಅದಿರಲಿ, ಧ್ವನಿ ಅಂತ ನಾ ಸುಮ್ಮನ ಬರದೆ. ಹುಬ್ಬಳ್ಳಿಯವರದೂ ಅದ ಹೆಸರು. ನಿಮ್ಮ ರೇಡಿಯೋಕ್ಕ ಏನ ಹೆಸರ ಇಟ್ಟಾರ ಹೇಳು, ಅದನ್ನ ಬರದು ನೋಡೂಣು.”

“ಹೆಸರ ಇನ್ನೂ ಇಟ್ಟಿಲ್ಲ ಮಾಮಾ. ಅದಕ್ಕ ಬ್ಯಾರೆ ಕಾಂಪಿಟೀಶನ್ ಐತಿ, ಮುಂದಿನ ತಿಂಗಳ.”

ಕಾಕಾ ನನ್ನ ಮಾರಿ ನೋಡಿದರು. “ಹಂಗಾರ ಸದ್ಯಕ್ಕ ಗುಮ್ಮಟನ ಇರಲಿ” ಅಂದರು.