ಚಿನ್ನಮ್ಮನ ಗುರುವಾರ

ಮಾರ್ಚ್ ಬಂತೆಂದರೆ ನಮ್ಮ ಟಪಾಲು ಡಬ್ಬಿಯಲ್ಲಿ ಎರಡು ಕಾಗದ ಖಾತ್ರಿ. ಒಂದು ತೆರಿಗೆಯವರದು, ಇನ್ನೊಂದು ಚಿನ್ನಮ್ಮನದು.

ಚಿನ್ನಮ್ಮ ಎಂದು ಹೆಸರಿಟ್ಟವಳು ನನ್ನ ಅಮ್ಮ. ಹೋದ ವರ್ಷ ತುಮಕೂರಿನಿಂದ ಆರು ತಿಂಗಳಿಗೆಂದು ಅಟ್ಲಾಂಟಾಕ್ಕೆ ಬಂದಿಳಿದ ಮಾರನೇ ದಿನವೇ ಪಕ್ಕದ ಮನೆ ಹುಡುಗಿಯ ಕೂದಲು ನೋಡಿ, "ಇಷ್ಟು ಬಂಗಾರ ತಲೆ ಮೇಲಿಟ್ಕೊಂಡು ಕಿವೀಲಿ ಒಂದು ಓಲೆ ಇಲ್ವಲ್ಲೋ" ಎಂದು ಮರುಗಿದ್ದಳು. ಹುಡುಗಿಗೆ ಹತ್ತೊಂಬತ್ತು. ಕಾಲೇಜಿಗೆ ಹೋಗುತ್ತಾಳೆ. ಜಾರ್ಜಿಯಾದ ಒಳ್ಳೆ ಮನೆತನದ ಮಕ್ಕಳಂತೆ "ಯೆಸ್ ಸರ್", "ನೋ ಮ್ಯಾಮ್" ಇಲ್ಲದೆ ಮಾತಾಡಿದ್ದೇ ಇಲ್ಲ. ಕಪಟ ಅಂದರೇನೆಂದು ಗೊತ್ತಿಲ್ಲ. ಇಂಥವರ ಮೇಲೆ ಹಾಸ್ಯ ಬರೆಯುವುದು ಸ್ವಲ್ಪ ಪಾಪದ ಕೆಲಸವೇ, ಆದರೂ ಬರೆಯುತ್ತಿದ್ದೇನೆ.

ಕಾಗದದ ಒಕ್ಕಣೆ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಬರುವ ಜೂನ್‌ನಲ್ಲಿ ಗ್ವಾಟೆಮಾಲಾದ ಮಕ್ಕಳ ಸೇವೆಗೆ ದೇವರು ತನ್ನನ್ನು ಕರೆದಿದ್ದಾನೆ. ಕರೆ ಶನಿವಾರ ಬೆಳಗಿನ ವಿಮಾನಕ್ಕೆ ಶುರುವಾಗಿ ಮುಂದಿನ ಶನಿವಾರ ಸಂಜೆಯ ವಿಮಾನಕ್ಕೆ ಮುಗಿಯುತ್ತದೆ. ತಲೆಗೆ 1,850 ಡಾಲರ್. ತಾವು ಪ್ರಾರ್ಥಿಸಿ, ಯೋಚಿಸಿ, ಕೈಲಾದದ್ದು ಕೊಡಬೇಕು. ಆಗದಿದ್ದರೆ ಬರೀ ಪ್ರಾರ್ಥನೆಯೂ ನಡೆಯುತ್ತದೆ. ಚರ್ಚಿನ ಹೆಸರಿಗೆ ಚೆಕ್ ಬರೆದರೆ ತೆರಿಗೆ ವಿನಾಯಿತಿ ಉಂಟು. ಜೊತೆಗೊಂದು ಫೋಟೋ: ನಡುವೆ ಚಿನ್ನಮ್ಮ, ಸುತ್ತ ಹನ್ನೊಂದು ಮಕ್ಕಳು, ಮಡಿಲಲ್ಲಿ ಮುಂದಿನೆರಡು ಹಲ್ಲಿಲ್ಲದ ಒಬ್ಬ ಪೋರ.

ಇದನ್ನು ಅಮ್ಮನಿಗೆ ಹೇಗಪ್ಪಾ ವಿವರಿಸುವುದು ಎಂದು ನಾನು ತಿಣುಕುತ್ತಿದ್ದರೆ ಅವಳಿಗೆ ಅರ್ಧ ನಿಮಿಷದಲ್ಲಿ ಎಲ್ಲ ಅರ್ಥವಾಗಿತ್ತು. "ತಿರುಪತಿಗೆ ಹರಕೆ ಹೊತ್ತೋರು ನಾಲ್ಕು ಮನೇಲಿ ಬೇಡ್ಕೊಂಡೇ ಹೋಗ್ಬೇಕು ಕಣೋ. ಕೈಲಿ ದುಡ್ಡಿದ್ರೂ ಬೇಡ್ಬೇಕು, ಇಲ್ದಿದ್ರೆ ಫಲ ಇಲ್ಲ" ಎಂದವಳೇ ಒಳಗೆ ಹೋಗಿ ಇಪ್ಪತ್ತು ಡಾಲರಿನ ನೋಟೂ ಒಂದು ಪಾವು ಅಕ್ಕಿಯೂ ತಂದಳು. ಅಕ್ಕಿಯನ್ನು ನಾನು ಹೇಗೋ ತಡೆದೆ.

ಬೇಡುವುದರಲ್ಲಿ ಚಿನ್ನಮ್ಮ ಒಂಟಿಯಲ್ಲ. ಅಮೆರಿಕದ ಚರ್ಚುಗಳಿಂದ ಹೀಗೆ ಹೊರದೇಶಕ್ಕೆ ಹೋಗಿ ಬರುವವರು ವರ್ಷಕ್ಕೆ 16 ಲಕ್ಷ ಎಂದು ಪ್ರಿನ್ಸ್‌ಟನ್ನಿನ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ 2005ರ ಸಮೀಕ್ಷೆಯೊಂದರಿಂದ ಲೆಕ್ಕ ಹಾಕಿದ್ದರು. ಅಷ್ಟು ಜನಕ್ಕೆ ದುಡ್ಡು ಬೇಕಲ್ಲ. ಅದಕ್ಕೆಂದೇ ಏಪ್ರಿಲ್‌ನ ಒಂದು ಶನಿವಾರ ಚರ್ಚಿನ ಅಂಗಳದಲ್ಲಿ ಕಾರು ತೊಳೆಯುವ ಸೇವೆ. ಚಿನ್ನಮ್ಮನೂ ಅವಳ ಗೆಳತಿಯರೂ ಹಾಡು ಹೇಳುತ್ತಾ ನನ್ನ ಕಾರನ್ನು ನಲವತ್ತು ನಿಮಿಷ ತೊಳೆದರು. ಹತ್ತು ಡಾಲರ್ ಕೊಟ್ಟು, ಮನೆಗೆ ತಂದು ನಾನು ಇನ್ನೊಮ್ಮೆ ತೊಳೆದೆ.

ಹೊರಡುವ ಹಿಂದಿನ ದಿನ ಅವಳು ತನ್ನ ಸಾಮಾನುಗಳನ್ನೆಲ್ಲ ಅಮ್ಮನಿಗೆ ತೋರಿಸಲು ತಂದಳು. ನಿಂಬೆಹಣ್ಣಿನ ಬಣ್ಣದ ಟೀಶರ್ಟು, ತಂಡದ ಇಪ್ಪತ್ತು ಮಂದಿಗೂ ಒಂದೇ ಥರದ್ದು. ಸ್ಯಾನಿಟೈಸರ್ ಆರು ಬಾಟಲಿ. ಕಡಲೆಕಾಯಿ ಬೆಣ್ಣೆ ಎರಡು ಡಬ್ಬಿ, ಅಲ್ಲಿನ ಮೆಕ್ಕೆಜೋಳದ ರೊಟ್ಟಿ ಬಾಯಿಗೆ ಹಿಡಿಸದಿದ್ದರೆ ಇರಲಿ ಎಂದು. ಬಲೂನು, ಕೈಗೊಂಬೆ, ಮತ್ತೆ ಬಣ್ಣಬಣ್ಣದ ಮಣಿ ಪೋಣಿಸಿದ ಇನ್ನೂರು ಕೈದಾರ. ಮಣಿಗಳಿಗೊಂದು ಅರ್ಥವಿದೆ: ಕಪ್ಪೆಂದರೆ ಪಾಪ, ಕೆಂಪೆಂದರೆ ಯೇಸುವಿನ ರಕ್ತ, ಬಿಳಿ ಶುದ್ಧಿ, ಹಸಿರು ಬೆಳವಣಿಗೆ, ಹಳದಿ ಸ್ವರ್ಗ. ಲಂಡನ್ನಿನ ಬೋಧಕ ಸ್ಪರ್ಜನ್ 1866ರಲ್ಲಿ ಅಕ್ಷರವೇ ಇಲ್ಲದ ಪುಸ್ತಕವೊಂದರ ಕಪ್ಪು, ಕೆಂಪು, ಬಿಳಿ ಹಾಳೆಗಳ ಮೇಲೆ ಪ್ರವಚನ ಮಾಡಿದ್ದ. ಉಳಿದ ಬಣ್ಣ ಆಮೇಲೆ ಸೇರಿಕೊಂಡವು. ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಒಂದು ದಾರವನ್ನು ಆಗಲೇ ಕೈಗೆ ಕಟ್ಟಿಕೊಂಡಿದ್ದಳು. "ಕರಿಮಣಿ ದೃಷ್ಟಿಗೆ ತಾನೆ? ಮಕ್ಕಳಿಗೆ ಬೇಕೇ ಬೇಕು."

ಚಿನ್ನಮ್ಮ ಫೋನಿನಲ್ಲಿ ಸ್ಪ್ಯಾನಿಷ್ ಕಲಿತಿದ್ದಳು, ಹನ್ನೊಂದು ಪದ. ಅವಳು ಹೋಗುವ ಊರಿನ ಅಜ್ಜಿಯರ ಮಾತು ಸ್ಪ್ಯಾನಿಷ್ ಅಲ್ಲ, ಕಕ್ಚಿಕೆಲ್ ಎಂಬ ಮಾಯಾ ಭಾಷೆ. 1917ರಲ್ಲಿ ಟೌನ್‌ಸೆಂಡ್ ಎಂಬ ಅಮೆರಿಕದ ಹುಡುಗ ಅದೇ ಸೀಮೆಗೆ ಸ್ಪ್ಯಾನಿಷ್ ಬೈಬಲ್ ಮಾರಲು ಹೋಗಿ, ಓದುವವರಿಲ್ಲದೆ, ಅಲ್ಲೇ ಕೂತು ಆ ಭಾಷೆ ಕಲಿತು ಹೊಸ ಒಡಂಬಡಿಕೆಯನ್ನೇ ಅದಕ್ಕೆ ತಂದ. ನಮ್ಮ ಕಿಟೆಲ್ 1853ರಲ್ಲಿ ಬಂದವರು, ನಿಘಂಟು ಅಚ್ಚಾದದ್ದು 1894ರಲ್ಲಿ. ಏಳು ದಿನಕ್ಕೆ ಹನ್ನೊಂದು ಪದದ ಲೆಕ್ಕದಲ್ಲಿ ಕಿಟೆಲ್ಲರ ನಿಘಂಟು ಮುಟ್ಟಲು ಚಿನ್ನಮ್ಮನಿಗೆ ಎಷ್ಟು ಜೂನ್ ಬೇಕೆಂದು ಲೆಕ್ಕ ಹಾಕಲು ಹೋಗಿ, ಬಿಟ್ಟೆ.

ಇಷ್ಟು ಈ ಕಡೆಯ ಕಥೆ. ಆ ಕಡೆಯ ಕಥೆ ನನಗೆ ಗೊತ್ತಾದದ್ದು ಹುಲ್ಲಪ್ಪನಿಂದ. ಈ ಹೆಸರೂ ಅಮ್ಮನದೇ. ಎರಡು ವಾರಕ್ಕೊಮ್ಮೆ ಶನಿವಾರ ನಮ್ಮ ಬೀದಿಯ ಹುಲ್ಲು ಕತ್ತರಿಸಲು ಬರುವ ಇಪ್ಪತ್ತೇಳರ ತರುಣ, ಊರು ಗ್ವಾಟೆಮಾಲಾದ ಚಿಮಾಲ್ತೆನಾಂಗೊ ಕಡೆ. ಅಮ್ಮ ಕೊಡುವ ನೀರುಮಜ್ಜಿಗೆಯನ್ನು ಎರಡು ಲೋಟ ಕುಡಿದು ನೆರಳಲ್ಲಿ ಕೂತರೆ ಅವನ ಅರ್ಧ ಇಂಗ್ಲಿಷಿನಲ್ಲೂ ನನ್ನ ಕಾಲು ಸ್ಪ್ಯಾನಿಷಿನಲ್ಲೂ ಮಾತು ಸಾಗುತ್ತದೆ. ಚಿನ್ನಮ್ಮ ವಿಮಾನ ಹತ್ತಿದ ಶನಿವಾರ ಆ ಫೋಟೋ ತೋರಿಸಿದೆ. ಮಡಿಲಲ್ಲಿದ್ದ ಪೋರನ ಮೇಲೆ ಬೆರಳಿಟ್ಟು ಅವನು ನಕ್ಕ. "ಇದು ನನ್ನ ಕೆಲಸ ಆಗಿತ್ತು."

ಹುಲ್ಲಪ್ಪ ಆರರಿಂದ ಹನ್ನೆರಡನೇ ವಯಸ್ಸಿನವರೆಗೆ ಏಳು ಬೇಸಿಗೆ ಈ ವೃತ್ತಿಯಲ್ಲಿದ್ದವನು. ಬೇಸಿಗೆ ಅನ್ನುವುದೂ ಅಮೆರಿಕದ ಲೆಕ್ಕ. ಗ್ವಾಟೆಮಾಲಾದ ಶಾಲೆಗಳು ಜನವರಿಗೆ ಶುರುವಾಗಿ ಅಕ್ಟೋಬರ್‌ವರೆಗೆ ನಡೆಯುತ್ತವೆ. ಅಂದರೆ ಅಮೆರಿಕದ ಕಾಲೇಜಿಗೆ ರಜೆ ಬಂದಾಗ ಅಲ್ಲಿ ನಡುವರ್ಷದ ಪಾಠ. ಅತಿಥಿಗಳು ಬಂದರೆಂದು ಮೇಷ್ಟ್ರು ಭಾಗಾಕಾರವನ್ನು ಅರ್ಧಕ್ಕೆ ನಿಲ್ಲಿಸಿ ಮಕ್ಕಳನ್ನು ಸಾಲಾಗಿ ಹೊರಗೆ ಕರೆದುಕೊಂಡು ಬರುತ್ತಿದ್ದರು. "ಅದಕ್ಕೇ ನನಗೆ ಇವತ್ತಿಗೂ ಭಾಗಾಕಾರ ಬರೋದಿಲ್ಲ. ಹಾಡು ಬರುತ್ತೆ" ಎಂದ. ಪ್ರತಿ ತಂಡದ ಮುಂದೆಯೂ ಕೈಯೆತ್ತಿ ಯೇಸುವನ್ನು ಹೃದಯಕ್ಕೆ ಕರೆದುಕೊಂಡಿದ್ದಾನೆ, ಒಟ್ಟು ಹದಿನಾಲ್ಕು ಸಲ. ಅವನ ಅಪ್ಪ ಊರ ಎವಾಂಜೆಲಿಕಲ್ ಚರ್ಚಿನಲ್ಲಿ ಗಿಟಾರ್ ಬಾರಿಸುವವರು. ಆ ದೇಶದಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಮಂದಿ ಈಗಾಗಲೇ ಅದೇ ಪಂಗಡ. "ಮತ್ತೆ ಕೈ ಯಾಕೆ ಎತ್ತಿದೆ?" ಎಂದರೆ, "ಪಾಪ, ಅಷ್ಟು ದೂರದಿಂದ ಬಂದಿರ್ತಾರೆ" ಎಂದ.

ಮಕ್ಕಳಲ್ಲಿ ಕೆಲಸ ಹಂಚಿಕೆ ಇತ್ತಂತೆ. ಹುಡುಗಿಯರು ಅತಿಥಿಗಳ ಕೂದಲು ಹೆಣೆಯಬೇಕು. ದೊಡ್ಡ ಹುಡುಗರು ಕಾಲ್ಚೆಂಡಿನಲ್ಲಿ ಸೋಲಬೇಕು, ಆದರೆ ಗೊತ್ತಾಗುವ ಹಾಗೆ ಸೋಲಬಾರದು. ಹಲ್ಲು ಬಿದ್ದ ಇವನು ಮಡಿಲಿಗೆ. ಫೋನು ಎತ್ತಿದ ಕೂಡಲೇ ಎಡಕ್ಕೆ ತಿರುಗಬೇಕು, ಬೆಳಕು ಆ ಕಡೆಯದು. ಯಾವ ವಾರ ಏನಾಗುತ್ತದೆಂದು ಮಕ್ಕಳಿಗೆ ಬಾಯಿಪಾಠ. ಸೋಮವಾರ ಎಲ್ಲರೂ ಕುಣಿಯುತ್ತಾರೆ. ಮಂಗಳವಾರ ಇಬ್ಬರಿಗೆ ಹೊಟ್ಟೆ ಕೆಡುತ್ತದೆ. ಗುರುವಾರ ಅಳುತ್ತಾರೆ. "ಹುವೇವೆಸ್" ಎಂದ, ಗಂಭೀರವಾಗಿ. ಗುರುವಾರಕ್ಕೆ ಸ್ಪ್ಯಾನಿಷಿನಲ್ಲಿ ಹಾಗೆನ್ನುತ್ತಾರೆ. ಅಮ್ಮ ಕಲಿತ ಒಂದೇ ಒಂದು ಸ್ಪ್ಯಾನಿಷ್ ಪದ ಅದು. ಅತಿಥಿ ಅತ್ತಾಗ ಹತ್ತಿರ ಹೋಗಿ ಭುಜ ತಟ್ಟುವ ಜವಾಬ್ದಾರಿಯೂ ಮಡಿಲ ಹುಡುಗನದೇ.

ಬುಧವಾರ ಗೋಡೆಗೆ ಬಣ್ಣ. ಮೇಯಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆಗಾಲ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಸುರಿದೇ ಸುರಿಯುತ್ತದೆ. ಒಂದು ವರ್ಷ ಇವನು ಬೆಟ್ಟದ ಮೇಲಿನ ಕರಿಮೋಡ ತೋರಿಸಿ ತಂಡದ ನಾಯಕನ ಅಂಗಿ ಜಗ್ಗಿದನಂತೆ. ನಾಯಕ ಮೋಡ ನೋಡಿ, ಕೈಯಲ್ಲಿದ್ದ ವೇಳಾಪಟ್ಟಿ ನೋಡಿ, ವೇಳಾಪಟ್ಟಿಯನ್ನು ನಂಬಿದ. ಎರಡು ಗಂಟೆಗೆ ನೀಲಿ ಬಣ್ಣ ಗೋಡೆಯಿಂದಿಳಿದು ಅಂಗಳದಲ್ಲಿ ಹರಿದು ಇವನ ಅಜ್ಜಿಯ ಕೋಳಿಗಳ ಕಾಲಿಗೆ ಬಂತು. ನಾಲ್ಕು ದಿನ ಊರಲ್ಲಿ ನೀಲಿ ಕಾಲಿನ ಕೋಳಿಗಳು ಓಡಾಡಿದವು. ಅಜ್ಜಿ ಕಕ್ಚಿಕೆಲ್‌ನಲ್ಲಿ ಏನೋ ಅಂದಳು. ಅದು ಆಶೀರ್ವಾದ ಎಂದು ಮಕ್ಕಳು ಅನುವಾದಿಸಿ ಹೇಳಿದರು.

ನನಗೆ ನಗಲು ಪೂರ್ತಿ ಅಧಿಕಾರವಿಲ್ಲ. ಬೆಂಗಳೂರಿನಲ್ಲಿದ್ದಾಗ ನಮ್ಮ ಸಾಫ್ಟ್‌ವೇರ್ ಕಂಪನಿ ವರ್ಷಕ್ಕೊಮ್ಮೆ ನಮ್ಮನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ಹಳ್ಳಿಯ ಸರ್ಕಾರಿ ಶಾಲೆಗೆ ಬಣ್ಣ ಹೊಡೆಸುತ್ತಿತ್ತು. ನಾನೂ ಟೀಶರ್ಟು ತೊಟ್ಟು ಒಂದು ಆನೆ ಬರೆದಿದ್ದೇನೆ. ಹೆಡ್‌ಮೇಷ್ಟ್ರು ಮೆಲ್ಲಗೆ ಬಂದು, "ಸಾರ್, ಆನೆ ಚೆನ್ನಾಗಿದೆ. ಹುಡುಗೀರ ಶೌಚಾಲಯಕ್ಕೆ ಒಂದು ನಲ್ಲಿ ಹಾಕಿಸಿದ್ರೆ..." ಎಂದಿದ್ದರು. ಅದು ಈ ವರ್ಷದ ಬಜೆಟ್ಟಿನಲ್ಲಿಲ್ಲ ಎಂದಿದ್ದೆ.

ಇಂಥ ಸೇವೆಯ ಖರ್ಚಿನ ಲೆಕ್ಕ ಹಾಕಿದವರೂ ಇದ್ದಾರೆ. 1998ರ ಮಿಚ್ ಚಂಡಮಾರುತದ ನಂತರ ಪಕ್ಕದ ಹೊಂಡುರಾಸ್‌ನಲ್ಲಿ ಹೊರಗಿನ ತಂಡಗಳು ಬಂದು ಕಟ್ಟಿದ ಮನೆಯೊಂದಕ್ಕೆ ಪ್ರಯಾಣವೂ ಸೇರಿ ಬಿದ್ದ ಖರ್ಚು ಸುಮಾರು 30,000 ಡಾಲರ್. ಊರಿನ ಕ್ರೈಸ್ತ ಸಂಸ್ಥೆಯೇ ಕಟ್ಟಿದರೆ 2,000. ಅಲ್ಲೇ ನೆಲೆಸಿದ ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ ಕಂಡುಕೊಂಡದ್ದು. ಅಮ್ಮನಿಗೆ ಹೇಳಿದೆ. "ನಾವೂ ತಿರುಪತಿಗೆ ಹೋಗಿ ಬರೋ ದುಡ್ಡಲ್ಲಿ ಮನೇಲೇ ನೂರು ಜನಕ್ಕೆ ಊಟ ಹಾಕ್ಬಹುದಿತ್ತು" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆದ್ರೆ ಬೆಟ್ಟ ಹತ್ತಿದ ಹಾಗಾಗಲ್ಲ" ಎಂದಳು.

ಚಿನ್ನಮ್ಮ ಬಂದಳು. ಮೂಗಿನ ಸಿಪ್ಪೆ ಸುಲಿದಿತ್ತು, ತಲೆ ತುಂಬ ಸಣ್ಣ ಸಣ್ಣ ಹೆಣಿಗೆ. ಕೊನೆಯ ದಿನ ಆಂಟಿಗುವಾ ಪಟ್ಟಣದಲ್ಲಿ ಕಾಫಿ ಕುಡಿದು, ಹಳದಿ ಕಮಾನಿನ ಕೆಳಗೆ ನಿಂತು, ಮಗ್ಗದ ಚೀಲ ಚೌಕಾಸಿ ಮಾಡಿ ತಂದಿದ್ದಳು. ಭಾನುವಾರ ಚರ್ಚಿನಲ್ಲಿ ಅವಳ ಭಾಷಣ, ನಾವಿಬ್ಬರೂ ಹೋದೆವು. "ಅವರ ಹತ್ತಿರ ಏನೂ ಇಲ್ಲ, ಆದರೂ ಎಷ್ಟು ಸಂತೋಷವಾಗಿದ್ದಾರೆ" ಎಂದಳು. ಇಡೀ ಸಭೆ ನಿಟ್ಟುಸಿರಿಟ್ಟು, ಎಸಿ ಕಾರುಗಳಲ್ಲಿ ಮನೆಗೆ ಹೊರಟಿತು. ಆದರೆ ಒಂದು ಮಾತು ಅವಳು ಭಾಷಣದಲ್ಲಿ ಹೇಳದೆ ನಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದಳು: ಗುರುವಾರ ತನಗೆ ಅಳು ಬಂದಾಗ ಒಬ್ಬ ಪುಟ್ಟ ಹುಡುಗ ತಾನಾಗಿಯೇ ಬಂದು ಭುಜ ತಟ್ಟಿದ, ಅಷ್ಟು ಚಿಕ್ಕ ಮಗುವಿಗೆ ಹೇಗೆ ತಿಳಿಯಿತೋ. ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ.

ಆ ಮುಂದಿನ ಶನಿವಾರ ಹುಲ್ಲಪ್ಪ ಬಂದ. ಅವನ ಊರು ಯಾವುದೆಂದು ನನ್ನ ಬಾಯಿಂದ ಬಂದದ್ದೇ ತಡ, ಚಿನ್ನಮ್ಮ ಬೇಲಿ ದಾಟಿ ಓಡಿಬಂದಳು. ಹನ್ನೊಂದೂ ಪದಗಳನ್ನು ಒಟ್ಟಿಗೆ ಹೇಳಿದಳು. ಆಮೇಲೆ ತಂಡಗಳು ಅಲ್ಲಿ ಮಕ್ಕಳಿಂದ ಹಾಡಿಸುವ ಅದೇ ಹಾಡು ತೆಗೆದಳು. ಹುಲ್ಲಪ್ಪ ಯಂತ್ರ ಆರಿಸಿದ. ಅವನ ಕೈಗಳು ಅವನನ್ನು ಕೇಳದೆಯೇ ಮೇಲೆ ಹೋಗಿ, ಎದೆ ಮುಟ್ಟಿ, ಅಗಲವಾಗಿ, ಹಾಡಿನ ಅಭಿನಯವನ್ನೆಲ್ಲ ಮಾಡಿ ಮುಗಿಸಿದವು. ಹುಡುಗಿಯ ಕಣ್ಣು ತುಂಬಿತು. ಅವನು ಹುಲ್ಲಂಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಹತ್ತಿರ ಬಂದು, ಭುಜವನ್ನು ಎರಡು ಸಲ ತಟ್ಟಿ, ನನ್ನ ಕಡೆ ನೋಡಿ ಸಣ್ಣಗೆ, "ಹುವೇವೆಸ್" ಎಂದ.

"ಶನಿವಾರ ಕಣಪ್ಪ" ಎಂದಳು ಅಮ್ಮ, ಮಜ್ಜಿಗೆ ಲೋಟ ಹಿಡಿದು.

ಚಿನ್ನಮ್ಮ ಕಣ್ಣೊರೆಸಿಕೊಂಡು ಫೋನು ತೆಗೆದಳು. ಹುಲ್ಲಪ್ಪ ಟೋಪಿ ತೆಗೆದು, ಯಾರೂ ಹೇಳದೆಯೇ ಎಡಕ್ಕೆ ತಿರುಗಿ ನಿಂತ.