ಖರ್ಚಿನ ಆ್ಯಪಿನ ಮೀಮಾಂಸೆ

ಉಡುಪಿ ಸೀಮೆಯಲ್ಲಿ ವಾದವೆಂದ ಮೇಲೆ ಅದಕ್ಕೆ ಐದು ಅಂಗ ಇರಲೇಬೇಕು. ಅಂತಿಮ ವರ್ಷದ ಎಂಜಿನಿಯರಿಂಗ್ ಪ್ರಾಜೆಕ್ಟಿಗೆ ಈ ಶಾಸ್ತ್ರಗೌರವ ಇದುವರೆಗೆ ಸಂದಿಲ್ಲ. ಆ ಲೋಪದ ಪರಿಹಾರಾರ್ಥವಾಗಿ ಐದಂಗದ ಈ ಅಧಿಕರಣ.

ವಿಷಯ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಿಂದ ಕಾಲೇಜಿಗೆ ಬರುವ ನಾಲ್ವರು ಕೂಡಿ ಮನೆಮಂದಿಯ ಹಣಕಾಸು ನೋಡಿಕೊಳ್ಳುವ ಆ್ಯಪ್ ಮಾಡಲು ಹೊರಡುವುದೇ ಇಲ್ಲಿ ವಿಷಯ. ತಂಡದ ಲಕ್ಷಣ ಹೀಗಿದೆ: ಒಬ್ಬ ಕೋಡ್ ಬರೆಯುವವನು, ಒಬ್ಬಳು ಪಿಪಿಟಿ ಮಾಡಿ ಆ ಕೋಡಿನ ಅರ್ಥವನ್ನು ಅವನಿಗೇ ತಿಳಿಸಿಕೊಡುವವಳು, ಒಬ್ಬ ಜೆರಾಕ್ಸ್ ಅಂಗಡಿಯವರ ಪರಿಚಯ ಇರುವವನು, ಇನ್ನೊಬ್ಬ ಬೈಕ್ ಇರುವವನು. ಮೊದಲ ಮೂವರಲ್ಲಿ ಒಬ್ಬರು ಕೈಕೊಟ್ಟರೂ ಪ್ರಾಜೆಕ್ಟ್ ಹೇಗೋ ಸಾಗುತ್ತದೆ. ನಾಲ್ಕನೆಯವನು ಕೈಕೊಟ್ಟರೆ ಸಾಗದು. ನಾಲ್ವರಲ್ಲಿ ಒಬ್ಬರಿಗೂ ಸಂಬಳವಿಲ್ಲ. ಸಂಬಳದ ಬಗ್ಗೆ ನಿರ್ಲಿಪ್ತವಾಗಿ ಯೋಚಿಸಲು ಇದಕ್ಕಿಂತ ಒಳ್ಳೆಯ ಅರ್ಹತೆ ಬೇರೆ ಬೇಡ.

ಸಂಶಯ

ಬಳಕೆದಾರರಿಗೆ ಏನು ಬೇಕೆಂದು ಮೊದಲು ತಿಳಿಯಬೇಕಲ್ಲ? ತಂಡವು ಗೂಗಲ್ ಫಾರ್ಮ್ ಒಂದನ್ನು ತನ್ನದೇ ಕ್ಲಾಸಿನ ವಾಟ್ಸ್ಯಾಪ್ ಗುಂಪಿಗೆ ಹಾಕಿ ಕೈತೊಳೆದುಕೊಂಡಿತು. ಹಾಸ್ಟೆಲಿನವರು ಕೊಟ್ಟ ಉತ್ತರದಿಂದ ಖರ್ಚಿನ ವರ್ಗಗಳು ಹುಟ್ಟಿದವು: ಫುಡ್, ಟ್ರಾವೆಲ್, ಶಾಪಿಂಗ್, ಎಂಟರ್‌ಟೇನ್‌ಮೆಂಟ್, ಅದರ್ಸ್.

ಹಾಗಾದರೆ ಕೋಟೇಶ್ವರದ ಕೊಡಿ ಹಬ್ಬದಲ್ಲಿ ಹೊಸ ಮದುಮಕ್ಕಳು ಕೊಂಡೊಯ್ಯುವ ಕಬ್ಬಿನ ಕೊಡಿ ಫುಡ್ಡೋ ಶಾಪಿಂಗೋ? ಮಂದಾರ್ತಿ ಯಕ್ಷಗಾನ ಮೇಳಕ್ಕೆ ಹೇಳಿಕೊಂಡ ಹರಕೆ ಆಟ ಎಲ್ಲಿ ಸೇರಬೇಕು? ಎಂಟರ್‌ಟೇನ್‌ಮೆಂಟ್ ಎಂದರೆ ದೇವಿಗೆ ಅಪಚಾರ. ಅದರ್ಸ್ ಎಂದರೆ ಅದಕ್ಕಿಂತ ದೊಡ್ಡ ಅಪಚಾರ. ಹರಕೆ ಹೇಳಿದವರು ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಆ್ಯಪಿನ ಬಜೆಟ್ಟೋ ಮುಂದಿನ ತಿಂಗಳಿಗೇ ಮುಗಿದುಹೋಗುತ್ತದೆ.

ಗಂಗೊಳ್ಳಿಯ ಬೋಟಿನಲ್ಲಿ ದುಡಿಯುವವರದು ಇನ್ನೊಂದು ಕಥೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ‘ಮಾಸಿಕ ಆದಾಯ’ ಎಂಬಲ್ಲಿ ಸೊನ್ನೆ ಒತ್ತಿದರೆ ಕೆಂಪಕ್ಷರದಲ್ಲಿ ಬರುತ್ತದೆ: ‘ದಯವಿಟ್ಟು ಸರಿಯಾದ ಮೊತ್ತ ನಮೂದಿಸಿ.’ ಸೊನ್ನೆಯೇ ಸರಿಯಾದ ಮೊತ್ತವೆಂದು ಆ್ಯಪಿಗೆ ಹೇಳುವವರು ಯಾರು? ತಂಡದ ಒಬ್ಬನ ಮನೆಯಲ್ಲಿ ಡೆಮೋ ನೋಡಿದ ಅಬ್ಬಿ, ಅಂದರೆ ಅಮ್ಮ, ಒಂದೇ ಮಾತಿನಲ್ಲಿ ವಿಮರ್ಶೆ ಮುಗಿಸಿದರು: “ದುಡ್ಡ್ ಇಪ್ಪತಿಗೆ ಲೆಕ್ಕ ಎಂತಕ್ಕೆ ಮಗಾ? ಇಲ್ದೇ ಇಪ್ಪತಿಗೇ ಲೆಕ್ಕ ಬೇಕಾಪುದ್.”

ಪೂರ್ವಪಕ್ಷ

ಪೂರ್ವಪಕ್ಷಿಗಳು ಪಠ್ಯಪುಸ್ತಕದವರು. ಮೊದಲು ಅಗತ್ಯಗಳ ಪಟ್ಟಿ, ಆಮೇಲೆ ವಿನ್ಯಾಸ, ಆಮೇಲೆ ಕೋಡ್, ಕೊನೆಗೆ ಪರೀಕ್ಷೆ. ಇದೇ ವಾಟರ್‌ಫಾಲ್ ಮಾದರಿ, ಇದೇ ಪ್ರಮಾಣ ಎಂಬುದು ಅವರ ವಾದ. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಈ ಮೆಟ್ಟಿಲುಗಳ ಚಿತ್ರ ಬಿಡಿಸಿ, ಇಷ್ಟನ್ನೇ ನಂಬಿಕೊಂಡರೆ ಅಪಾಯ ಎಂದೂ ಅಲ್ಲೇ ಬರೆದಿದ್ದರು. ಲೋಕ ಚಿತ್ರವನ್ನು ಇಟ್ಟುಕೊಂಡು ಮಾತನ್ನು ಬಿಟ್ಟಿತು. ನಮ್ಮ ತಂಡವಂತೂ ಶಿರೂರು ಕಡೆಯ ಕೂಸಳ್ಳಿ ಜಲಪಾತವನ್ನೇ ಮಾದರಿಯಾಗಿ ಹಿಡಿದಿದೆ: ಬೇಸಿಗೆಯಿಡೀ ಸದ್ದಿಲ್ಲ, ವೈವಾ ಹತ್ತಿರ ಬಂದಾಗ ಒಮ್ಮೆಲೇ ಭೋರ್ಗರೆತ.

ಕೆಲಸದ ವೇಳಾಪಟ್ಟಿಯಾದ ಗ್ಯಾಂಟ್ ಚಾರ್ಟನ್ನೂ ಪರಿಶೀಲಿಸಿದ್ದಾಯಿತು. ನೀಲಿ ಪಟ್ಟಿಗಳು ಸಾಲಾಗಿ ನಿಂತಿವೆ. ಕೊಡಿ ಹಬ್ಬ ಇಲ್ಲ, ದೀಪೋತ್ಸವ ಇಲ್ಲ, ಚಿಕ್ಕಪ್ಪನ ಮಗಳ ಮದುವೆ ಇಲ್ಲ, ಕರೆಂಟು ಹೋಗುವುದೂ ಇಲ್ಲ. ಹೀಗೆ ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನಷ್ಟು ತಡವಾಗುತ್ತದೆಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದಾರೆ. ಬೆಂಗಳೂರಿನ ಕಂಪನಿಯಲ್ಲಿರುವ ಸೋದರತ್ತೆ ಮಗ ಸಹಾಯಕ್ಕೆಂದು ಊರಿಗೆ ಬಂದು, ‘ಮೊದಲು ಇದನ್ನೆಲ್ಲ ಬೇರೆ ಲ್ಯಾಂಗ್ವೇಜಿನಲ್ಲಿ ಬರೆಯಿರಿ’ ಎಂದು ಹೇಳಿ ರಾತ್ರಿ ಬಸ್ಸಿಗೆ ಹೋದ ಮೇಲೆ ಈ ಸೂತ್ರ ನಾಲ್ವರಿಗೂ ಕಂಠಪಾಠವಾಯಿತು.

ಸಿದ್ಧಾಂತ

ಉತ್ತರ ಮನೆಬಾಗಿಲಿಗೇ ದಿನಾ ಬಂದು ಹೋಗುತ್ತಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು: ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆಗೇ ಬಂದು ಕಟ್ಟಿಸಿಕೊಳ್ಳುವ ಏರ್ಪಾಡು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಇಂದಿಗೂ ಜಪ್ಪಯ್ಯ ಎಂದಿಲ್ಲ.

ಕುಂದಾಪುರದ ಶಾಸ್ತ್ರಿ ಸರ್ಕಲ್ ಬಳಿ ಸಂಜೆ ನಿಂತು ನೋಡಿ. ಪಿಗ್ಮಿಯವರು ಅಂಗಡಿ ಮುಂದೆ ಬೈಕ್ ನಿಲ್ಲಿಸುತ್ತಾರೆ, ಇಳಿಯುವುದಿಲ್ಲ. “ಇವತ್ತ್ ಎಷ್ಟ್?” ಅಂಗಡಿಯವರು ಗಲ್ಲೆಯಿಂದ ನೋಟು ತೆಗೆದು ಕೊಡುತ್ತಾರೆ, ಕೈಯಲ್ಲಿನ ಮೆಷಿನ್ನು ಚೀಟಿ ಉಗುಳುತ್ತದೆ, ಬೈಕು ಮುಂದಿನ ಅಂಗಡಿಗೆ. ದಿನಕ್ಕೊಂದು ಭೇಟಿ, ಒಂದೇ ಪ್ರಶ್ನೆ, ಕೈಗೊಂದು ರಸೀದಿ. 2001ರಲ್ಲಿ ಅಮೆರಿಕದ ಸ್ನೋಬರ್ಡ್ ಎಂಬ ಹಿಮದ ಬೆಟ್ಟದಲ್ಲಿ 17 ಮಂದಿ ಪಂಡಿತರು ಸೇರಿ, ಕೆಲಸವನ್ನು ಸಣ್ಣ ಕಂತುಗಳಲ್ಲಿ ಮುಗಿಸಿ ಮೇಲಿಂದ ಮೇಲೆ ಒಪ್ಪಿಸುತ್ತಿರಬೇಕೆಂದು ಸಾರಿ, ಅದಕ್ಕೆ ಅಜೈಲ್ ಎಂದು ಹೆಸರಿಟ್ಟರು. ಉಡುಪಿ ಅವರಿಗಿಂತ 73 ವರ್ಷ ಮುಂದಿತ್ತೆಂಬುದು ಈ ಪ್ರಬಂಧದ ವಿನಮ್ರ ಪ್ರತಿಪಾದನೆ.

ಪ್ರಯೋಜನ

ಆದ್ದರಿಂದ ವಿಧಿ ಇಷ್ಟು. ಪ್ರತಿಯೊಬ್ಬರೂ ದಿನಕ್ಕೆ ಎರಡಾಣೆಯಷ್ಟು ಕೋಡ್ ಕಟ್ಟತಕ್ಕದ್ದು. ಅಗತ್ಯಗಳ ಪಟ್ಟಿಯನ್ನು ಗೂಗಲ್ ಫಾರ್ಮಿನಿಂದಲ್ಲ, ಪಿಗ್ಮಿಯವರ ಬೈಕಿನ ಹಿಂದಿನ ಸೀಟಿನಲ್ಲಿ ಒಂದು ಸಂಜೆ ಸುತ್ತಿ ಬರೆಯತಕ್ಕದ್ದು. ಆದಾಯದಲ್ಲಿ ಸೊನ್ನೆಗೂ, ಖರ್ಚಿನಲ್ಲಿ ಹರಕೆಗೂ ಜಾಗ ಕೊಡತಕ್ಕದ್ದು. ಕಂತು ತಪ್ಪಿದವರನ್ನು ಯಾರೂ ಬೈಯಬಾರದು. ಪಿಗ್ಮಿಯವರು ಬೈಯುವುದಿಲ್ಲ, ನಾಳೆಯೂ ಬರುತ್ತಾರೆ. ಬೈಯದೆ ದಿನಾ ಬರುವವರ ಎದುರು ಬರಿಗೈಯಲ್ಲಿ ನಿಲ್ಲುವುದು ಯಾವ ಡೆಡ್‌ಲೈನಿಗಿಂತಲೂ ಕಷ್ಟ.

ಗೈಡ್ ಈ ಸಿದ್ಧಾಂತವನ್ನು ಸಂಪೂರ್ಣವಾಗಿ ಒಪ್ಪಿದರು, ಒಂದೇ ಒಂದು ತಿದ್ದುಪಡಿಯೊಂದಿಗೆ: ರಿಪೋರ್ಟಿನಲ್ಲಿ ಎಲ್ಲಿಯೂ ಪಿಗ್ಮಿ ಎಂದಿರಬಾರದು, ಅಜೈಲ್ ಎಂದೇ ಇರಬೇಕು, ಹೊರಗಿನ ಎಕ್ಸಾಮಿನರ್ ಬರುವವರಿದ್ದಾರೆ.