ವರ್ತೂರು ಕೋಡಿಯಲ್ಲಿ ಟ್ರೌಟ್ ಹಿಡಿಯುವ ಕ್ರಮ

ಮೊದಲು ಒಂದು ಭಾನುವಾರ ಗೊತ್ತು ಮಾಡಿಕೊಳ್ಳಿ. ಯುಗಾದಿ ಕಳೆದು ಬರುವ ಭಾನುವಾರವಾದರೆ ಒಳ್ಳೆಯದು. ಹೊಂಗೆ ಚಿಗುರಿರುತ್ತದೆ, ಬೆಳಗಿನ ಗಾಳಿ ತಂಪಾಗಿರುತ್ತದೆ, ಅಪ್ರೈಸಲ್ ಪತ್ರ ಕೈಸೇರಿ ನಿಮ್ಮ ಮನಸ್ಸು ತಾನಾಗಿಯೇ ಪ್ರಕೃತಿಯ ಕಡೆ ವಾಲಿರುತ್ತದೆ. ಬೆಳಿಗ್ಗೆ ಐದಕ್ಕೆ ಮನೆ ಬಿಡಿ. ತಡವಾದರೆ ವರ್ತೂರು ಕೋಡಿಯ ಟ್ರಾಫಿಕ್ಕಿನಲ್ಲೇ ಬೇಟೆ ಮುಗಿಯುತ್ತದೆ.

ಇಲ್ಲಿ ಟ್ರೌಟ್ ಇದೆಯೇ ಎಂದು ಯಾರನ್ನೂ ಕೇಳಬೇಡಿ. ಕೇಳಿದರೆ ಇಲ್ಲ ಎಂದುಬಿಡುತ್ತಾರೆ. ಅದು ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ ಶುರುವಾಗುತ್ತದೆ. ಆಮ್ಲಜನಕ ಸ್ವಲ್ಪ ಕಡಿಮೆಯಾದರೂ ತಡೆಯುವುದಿಲ್ಲ. ಬ್ರಿಟಿಷರು ಅದಕ್ಕೆಂದೇ ನೀಲಗಿರಿ ಹತ್ತಿ, 1907ರಲ್ಲಿ ಅವಲಾಂಚಿಯಲ್ಲಿ ಟ್ರೌಟ್ ಮರಿ ಮಾಡುವ ಕೇಂದ್ರ ಕಟ್ಟಿದರು. ಮೀನು ಇರುವ ಕಡೆ ಹೋಗಿ ಮೀನು ಹಿಡಿಯುವುದು ಯಾರಿಂದಲೂ ಆಗುತ್ತದೆ. ಇಲ್ಲದ ಕಡೆ ಇಲ್ಲದ ಮೀನಿಗೆ ಕಾಯಲು ತರಬೇತಿ ಬೇಕು. ಕ್ಲೈಂಟ್ ಏನು ಕೇಳುತ್ತಿದ್ದಾನೆಂದು ತಿಳಿಯುವ ಮೊದಲೇ ಮೂರು ಪ್ರಾಜೆಕ್ಟ್ ಮುಗಿಸಿಕೊಟ್ಟವರು ನೀವು. ತರಬೇತಿ ಆಗಿಯೇ ಇದೆ.

ಈಗ ಸಾಮಾನು ಕೊಳ್ಳಿ. ಕಾರ್ಬನ್ ರಾಡ್, ರೀಲ್, ಎದೆಯವರೆಗೆ ಬರುವ ರಬ್ಬರ್ ವೇಡರ್, ಜೇಬುಗಳೇ ತುಂಬಿರುವ ಜಾಕೆಟ್ಟು, ಅಗಲ ಅಂಚಿನ ಟೋಪಿ. ಒಟ್ಟು ಬೆಲೆಯಲ್ಲಿ ನಿಮ್ಮ ಇಡೀ ಬ್ಲಾಕಿಗೆ ವರ್ಷವಿಡೀ ರೋಹು ತಿನ್ನಿಸಬಹುದು ಎಂದು ಮನೆಯವರು ಲೆಕ್ಕ ಒಪ್ಪಿಸುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ, ಇಎಂಐ ಇದೆ. ವೇಡರಿನಲ್ಲಿ ಮಾತ್ರ ಜಿಪುಣತನ ಬೇಡ. ಬೇರೆ ದೇಶಗಳಲ್ಲಿ ಅದನ್ನು ನೀರಿನ ಚಳಿಗೆ ಹಾಕುತ್ತಾರೆ, ನೀವು ನೀರಿಗೇ ಹಾಕಬೇಕು. ಪೀಣ್ಯದ ಕಡೆಯವರು ಇನ್ನೂ ದಪ್ಪದ್ದು ನೋಡಿ. ಅಲ್ಲಿಯ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಅಂತರ್ಜಲಕ್ಕೂ ಇಳಿದಿದೆ. ಕೊಕ್ಕೆಗೆ ಬೇರೆ ಪಾಲಿಶ್ ಮಾಡಿಸುವ ಖರ್ಚು ನಿಮಗೆ ಉಳಿಯಿತು.

ಸ್ವಲ್ಪ ಪಾಂಡಿತ್ಯವನ್ನೂ ಜೊತೆಗಿಟ್ಟುಕೊಳ್ಳಿ. ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನು 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ. ಅದನ್ನು ಓದುವ ಅಗತ್ಯವಿಲ್ಲ, ಹೆಸರು ಹೇಳಿದರೆ ಸಾಕು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಎಳೆದರು ಎಂಬುದನ್ನೂ ಬಾಯಿಪಾಠ ಮಾಡಿ. ನಿಮ್ಮ ಬುಟ್ಟಿ ಖಾಲಿ ಎಂದು ಯಾರಾದರೂ ಗಮನಿಸಿದ ಕೂಡಲೇ ಈ ಮಾತು ತೆಗೆಯಿರಿ. ಆ ಜಾತಿಯ ಮೀನೇ ಇವತ್ತು ಅಳಿವಿನ ಅಂಚಿನಲ್ಲಿದೆ ಎಂದು ಸೇರಿಸಿ, ನಿಟ್ಟುಸಿರು ಬಿಡಿ. ಹಿಡಿಯದೇ ಬಿಟ್ಟದ್ದು ನಿಮ್ಮ ದೊಡ್ಡತನ ಎಂದು ಅವರಾಗಿ ತಿಳಿದುಕೊಳ್ಳುತ್ತಾರೆ.

ಇನ್ನು ಕೃತಕ ನೊಣ. ಈ ವಿದ್ಯೆಯ ಜೀವಾಳವೇ ಇದು. ಆ ಬೆಳಿಗ್ಗೆ ನೀರಿನಿಂದ ಯಾವ ಹುಳ ರೆಕ್ಕೆ ಬಲಿತು ಏಳುತ್ತಿದೆಯೋ ಅದರ ರೂಪವನ್ನೇ ಕೊಕ್ಕೆಗೆ ದಾರ, ಪುಕ್ಕ ಸುತ್ತಿ ಮಾಡಬೇಕು. ಪುಸ್ತಕಗಳು ಮೇಫ್ಲೈ, ಕ್ಯಾಡಿಸ್ ಎನ್ನುತ್ತವೆ. ಅವುಗಳಲ್ಲಿ ಬಹುಪಾಲಿಗೆ ಶುದ್ಧ ನೀರೇ ಆಗಬೇಕು. ಅಂಥ ಮಡಿವಂತರನ್ನು ಕಟ್ಟಿಕೊಂಡು ವೈಟ್‌ಫೀಲ್ಡಿನಲ್ಲಿ ಬಾಳುವುದು ಕಷ್ಟ. ಸಂಜೆ ನಿಮ್ಮ ಬಾಲ್ಕನಿಯ ಟ್ಯೂಬ್‌ಲೈಟಿಗೆ ಮುತ್ತುವ, ಕಚ್ಚದ ಸೊಳ್ಳೆಯಂಥ ಹುಳ ಇದೆಯಲ್ಲ, ಕೈರೋನಾಮಿಡ್, ಅದನ್ನು ಆರಿಸಿ. ಅದರ ಮರಿ ಕೊಳಚೆಯ ತಳದ ಕೆಸರಿನಲ್ಲಿ ಹಾಯಾಗಿ ಬೆಳೆಯುತ್ತದೆ. ಮೈಯಲ್ಲಿ ನಮ್ಮ ಹಾಗೇ ಹಿಮೋಗ್ಲೋಬಿನ್ ಇಟ್ಟುಕೊಂಡಿರುವುದರಿಂದ ಆಮ್ಲಜನಕ ತೀರಾ ಕಡಿಮೆಯಾದರೂ ಹೇಗೋ ನಡೆಸುತ್ತದೆ. ಅದಕ್ಕೇ ಅದರ ಬಣ್ಣ ಕೆಂಪು. ನಿಮ್ಮ ಐಡಿ ಕಾರ್ಡಿನ ಟ್ಯಾಗ್ ಕೆಂಪಾಗಿದ್ದರೆ ಒಂದು ಎಳೆ ಕಿತ್ತು ಸುತ್ತಿ. ಕಂಪನಿಗೆ ಗೊತ್ತಾಗುವುದಿಲ್ಲ.

ನೀರನ್ನು ಓದುವುದು ಮುಂದಿನ ಪಾಠ. ಹೊಸ ನೀರು ಬಂದು ಸೇರುವ ಬಾಯಲ್ಲಿ ಮೀನು ಮೇವಿಗೆ ಕಾಯುತ್ತದೆ ಎಂಬುದು ಎಲ್ಲ ದೇಶಗಳ ಬೇಟೆಗಾರರ ಅನುಭವ. ಆದ್ದರಿಂದ ರಾಜಕಾಲುವೆ ಕೆರೆಗೆ ಬೀಳುವ ಜಾಗ ಹುಡುಕಿ. ಹುಡುಕಲು ಕಣ್ಣು ಬೇಕಿಲ್ಲ. ನಗರದ ಕೊಳಚೆ ಬೆಳ್ಳಂದೂರು ಕೆರೆಗೆ ಬಂದು, ಅಲ್ಲಿಂದ ವರ್ತೂರಿಗೆ ಇಳಿದು, ವರ್ತೂರು ಕೋಡಿ ಹರಿದು ದಕ್ಷಿಣ ಪಿನಾಕಿನಿಯ ದಾರಿ ಹಿಡಿಯುತ್ತದೆ. ಮೀನು ಸೇರಲೆಂದು ಮುಂಚಿತವಾಗಿ ನೀರಿಗೆ ಮೇವು ಚೆಲ್ಲುವ ಪದ್ಧತಿ ಬೇರೆ ಕಡೆ ಇದೆ. ನೀವು ಚೆಲ್ಲುವ ಶ್ರಮ ತೆಗೆದುಕೊಳ್ಳಬೇಡಿ. ಪ್ರತಿದಿನ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕಳಿಸುತ್ತಲೇ ಇದ್ದೀರಿ. ಕೆರೆ ಬೇಸರ ತರಿಸಿದರೆ ಕೋಲಾರಕ್ಕೆ ಹೊರಡಿ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಅಲ್ಲಿಯ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ನೀವು ಹೊಸಕೋಟೆ ಟೋಲ್ ದಾಟುವುದರೊಳಗೆ ನಿಮ್ಮ ನೀರು ಅಲ್ಲಿ ಕಾದಿರುತ್ತದೆ.

ಕೋಡಿಯ ಬಳಿ ನೊರೆ ಎದ್ದಿದ್ದರೆ ಹೆದರಬೇಡಿ. ಡಿಟರ್ಜೆಂಟಿನ ಅಂಶ ತುಂಬಿದ ನೀರು ಎತ್ತರದಿಂದ ಬಿದ್ದು ಕಡೆದುಕೊಂಡಾಗ ಹಾಗಾಗುತ್ತದೆ. ಫೋಟೋದಲ್ಲಿ ಹಿಮದಂತೆಯೇ ಬರುತ್ತದೆ. ಸ್ಥಳ ಮನಾಲಿ ಎಂದು ಹಾಕಿ. ನೀರಿನ ಮೇಲೆ ಮಂಜು ತೇಲುತ್ತಿದ್ದರೆ ಮಾತ್ರ ಒಮ್ಮೆ ಮೂಸಿ ನೋಡಿ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿ, ಆರಿಸಲು ಸಾವಿರಾರು ಸೈನಿಕರು ಬರಬೇಕಾಯಿತು. ಮೀನು ಹಿಡಿಯಲು ಹೋಗುವವರು ಪುಟ್ಟದೊಂದು ಅಗ್ನಿಶಾಮಕ ಸಿಲಿಂಡರ್ ಒಯ್ಯುವುದು ಜಗತ್ತಿನಲ್ಲಿ ಹೊಸ ಪದ್ಧತಿ. ನಾವೇ ಆರಂಭಿಸೋಣ.

ನಸುಕಿನಲ್ಲೇ ಬರಹೇಳಿದ್ದಕ್ಕೆ ಕಾರಣವಿದೆ. ಟ್ರೌಟ್ ಹೊಳೆಯಲ್ಲಿ ಮೀನು ಮೇಲೆ ಬಂದು ನೊಣವನ್ನು ಗುಳುಂ ಮಾಡುವ ಆ ಸಣ್ಣ ಅಲೆಯ ಉಂಗುರಕ್ಕಾಗಿ ಬೇಟೆಗಾರರು ಗಂಟೆಗಟ್ಟಲೆ ಕಾಯುತ್ತಾರಂತೆ. ನಮ್ಮಲ್ಲಿ ಕಾಯಬೇಕಿಲ್ಲ. ಬೆಳಗಾಗುವ ಹೊತ್ತಿಗೆ ಕೆರೆಯ ತುಂಬ ಬಾಯಿಗಳೇ. ರಾತ್ರಿಯಿಡೀ ಪಾಚಿ, ಜೊಂಡು, ಬ್ಯಾಕ್ಟೀರಿಯಾ ಎಲ್ಲ ಸೇರಿ ಉಸಿರಾಡಿ ನೀರಿನ ಆಮ್ಲಜನಕ ಖಾಲಿ ಮಾಡಿರುತ್ತವೆ. ಸೂರ್ಯ ಹುಟ್ಟುವಾಗ ಅದು ಅತಿ ಕಡಿಮೆ. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುವುದು ಉಸಿರಿಗೆ. ನೀವು ಅದನ್ನು ಹಸಿವು ಎಂದೇ ಓದಿ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದವು. ರಾಡ್ ಇಲ್ಲದೆ, ನೊಣವಿಲ್ಲದೆ, ಬರಿಗೈಯಲ್ಲಿ ಅಷ್ಟು ಮೀನು ಸಿಗುವ ಬೇಟೆಯನ್ನು ಥಾಮಸ್ ಸಾಹೇಬ ಕನಸಿನಲ್ಲೂ ಕಂಡಿರಲಾರ.

ಈಗ ದಾರ ಬೀಸಿ. ಗಡಿಯಾರದ ಮುಳ್ಳನ್ನು ನೆನೆದುಕೊಂಡು ತೋಳನ್ನು ಹತ್ತರಿಂದ ಎರಡಕ್ಕೆ ಹಿಂದೆ ಒಯ್ದು, ಒಂದು ಕ್ಷಣ ತಡೆದು, ಮುಂದಕ್ಕೆ ಬಿಡಿ. ಹಿಂದೆ ಹೋದ ದಾರ ಹೊಂಗೆ ಕೊಂಬೆಗೋ ಇಂಟರ್ನೆಟ್ ಕೇಬಲ್ಲಿಗೋ ಸಿಕ್ಕಿಕೊಂಡರೆ ಜೋರಾಗಿ ಎಳೆಯಿರಿ. ಏರಿಯಾದಲ್ಲಿ ವೈಫೈ ಹೋದರೆ ಭಾನುವಾರ ಅಪರೂಪಕ್ಕೆ ನಾಲ್ಕು ಜನ ಮಾತಾಡಿಕೊಳ್ಳುತ್ತಾರೆ. ಕಾರ್ಬನ್ ರಾಡಿನಲ್ಲಿ ಕರೆಂಟು ಸರಾಗವಾಗಿ ಹರಿಯುತ್ತದೆ. ಆದ್ದರಿಂದ ಬೆಸ್ಕಾಂ ತಂತಿಯ ಕೆಳಗಿನ ಜಾಗವನ್ನು, ಪ್ರಮೋಷನ್ನಿಗೆ ನಿಮ್ಮ ಜೊತೆ ಪೈಪೋಟಿಗಿರುವ ಸಹೋದ್ಯೋಗಿಗೆ ಬಿಟ್ಟುಕೊಡಿ.

ಏರಿಯ ಮೇಲೆ ಒಬ್ಬ ಹಿರಿಯರು ಬೀಡಿ ಹಚ್ಚಿಕೊಂಡು ಕೂತೇ ಇರುತ್ತಾರೆ. ಬಿದಿರು ಕೋಲು, ನೈಲಾನ್ ದಾರ, ಡಬ್ಬಿಯಲ್ಲಿ ಎರೆಹುಳು. ಪಕ್ಕದ ಬಕೆಟ್ಟಿನಲ್ಲಿ ನಾಲ್ಕು ಜಿಲೇಬಿ ಮೀನು ಒದ್ದಾಡುತ್ತಿರುತ್ತವೆ. "ಸಾ, ಹುಳಾನೇ ಹಾಕಿಲ್ವಲ್ಲ ಸಾ, ಮೀನು ಯಾಕ್ ಕಚ್ತದೆ?" ಎಂದು ಕೇಳುತ್ತಾರೆ. ನಕ್ಕುಬಿಡಿ. "ಇದು ಬೇರೆ ಥರದ್ದು ಯಜಮಾನ್ರೇ" ಎನ್ನಿ. ಅವರಿಂದ ಏನನ್ನೂ ಕಲಿಯಬೇಡಿ. ಕಲಿತರೆ ಮೀನು ಸಿಕ್ಕಿಬಿಡುವ ಅಪಾಯವಿದೆ.

ಅಕಸ್ಮಾತ್ ಸಿಕ್ಕರೆ ಅದು ಮೀಸೆಯ, ಕಪ್ಪು, ಲೋಳೆ ಮೈಯ ಆಫ್ರಿಕನ್ ಕ್ಯಾಟ್‌ಫಿಶ್ ಆಗಿರುತ್ತದೆ. ಸಾಕುವುದಕ್ಕೆ ಸರ್ಕಾರ ನಿಷೇಧ ಹಾಕಿರುವ ಮೀನು. ನೀರು ಎಷ್ಟು ಕೆಟ್ಟರೂ ನೇರವಾಗಿ ಗಾಳಿ ಕುಡಿದು ಬದುಕುತ್ತದೆ, ಊರಿನ ಮೀನುಗಳನ್ನು ನುಂಗುತ್ತದೆ. ಕೊಕ್ಕೆ ಮೆಲ್ಲಗೆ ಬಿಡಿಸಿ, ಹಣೆಗೆ ಮುಟ್ಟಿಸಿಕೊಂಡು, ಅದೇ ನೀರಿಗೆ ವಾಪಸ್ ಬಿಡಿ. ಹಿಡಿದು ಬಿಡುವುದೇ ಈ ಕ್ರೀಡೆಯ ಧರ್ಮ. ಗೆಂಡೆ, ಕೊರವ ಯಾವುದಾದರೂ ಒಂದೆರಡು ಉಳಿದುಕೊಂಡಿದ್ದರೆ ಅವನ್ನು ಅದು ನೋಡಿಕೊಳ್ಳುತ್ತದೆ.

ಅಷ್ಟರಲ್ಲಿ ಟೆಂಡರಿನವರ ಹುಡುಗರು ಬೈಕಿನಲ್ಲಿ ಬರುತ್ತಾರೆ. ಮೀನುಗಾರಿಕೆ ಇಲಾಖೆಯಿಂದ ಕೆರೆ ಗುತ್ತಿಗೆ ಹಿಡಿದವರಿಗೆ ಒಳಗಿನ ಮೀನೆಲ್ಲ ತಮ್ಮದೇ. ಅವರೊಡನೆ ಇಂಗ್ಲಿಷಿನಲ್ಲಿ ವಾದ ಮಾಡಬೇಡಿ. ಟ್ರೌಟ್ ಮಾತ್ರ ಹಿಡಿಯಲು ಬಂದಿದ್ದೇನೆ, ನಿಮ್ಮ ಮೀನನ್ನು ಮುಟ್ಟುವುದಿಲ್ಲ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಟೀ ಕುಡಿಸಿ ಕಳಿಸುತ್ತಾರೆ.

ಹಿಂದಿರುಗುವಾಗ ರಸ್ತೆ ಬದಿಯ ಮೀನಂಗಡಿಯಲ್ಲಿ ನಿಲ್ಲಿಸಿ. ಆಂಧ್ರದ ಕೊಳಗಳಿಂದ ಐಸ್ ತುಂಬಿ ಬಂದ ಎರಡು ಕಿಲೋ ಕಾಟ್ಲಾ ತೆಗೆದುಕೊಳ್ಳಿ. ಕತ್ತರಿಸುವ ಮೊದಲು ಫೋಟೋ ತೆಗೆಸಿ. ತೋಳು ಪೂರ್ತಿ ಮುಂದೆ ಚಾಚಿ ಹಿಡಿದರೆ ಐದು ಕಿಲೋ ಕಾಣುತ್ತದೆ. ಕಿವಿರಿನ ಐಸ್ ಒರೆಸಿರಿ.

ಮನೆ ಸೇರಿದ ಮೇಲೆ ಬಟ್ಟೆಯನ್ನು ನೇರ ಮಷೀನಿಗೆ ಹಾಕಿ. ಆ ವಾಸನೆಗೆ ಒಂದು ಮುಚ್ಚಳ ಲಿಕ್ವಿಡ್ ಸಾಲದು, ಮೂರು ಸುರಿಯಿರಿ. ಆಮೇಲೆ ಸ್ನಾನ ಮಾಡಿ, ಹನ್ನೊಂದಕ್ಕೆ ಕ್ಲಬ್‌ಹೌಸಿನ ಅಸೋಸಿಯೇಷನ್ ಮೀಟಿಂಗಿಗೆ ಇಳಿಯಿರಿ. ಕೊಳಚೆ ಸಂಸ್ಕರಿಸುವ ಎಸ್‌ಟಿಪಿಯ ಬ್ಲೋವರ್ ಕೆಟ್ಟು ತಿಂಗಳಾಯಿತು, ರಿಪೇರಿಗೆ ದುಡ್ಡು ಮಂಜೂರು ಮಾಡಿ ಎಂದು ಮೂರನೇ ಮಹಡಿಯ ರಿಟೈರ್ಡ್ ಮೇಷ್ಟ್ರು ಎದ್ದು ನಿಲ್ಲುತ್ತಾರೆ. ಅವರ ಮಾತು ಪೂರ್ತಿ ಕೇಳಿ, ಗೌರವದಿಂದ ತಲೆಯಾಡಿಸಿ. ಇನ್ನೂ ಮೂರು ಕೊಟೇಶನ್ ಬರಲಿ ಎಂದು ಸೂಚಿಸಿ, ವಿಷಯವನ್ನು ಮುಂದಿನ ಮೀಟಿಂಗಿಗೆ ತಳ್ಳಿ.